ಅಪ್ಪ ಎಂದು ಮುಗಿಯುವ ಹೆಸರು

ಮುನಿಕೃಷ್ಣಪ್ಪ ಲಾರಿ ಕೀಯನ್ನು ಧನಲಕ್ಷ್ಮಿಯ ಮೇಜಿನ ಮೇಲಿಟ್ಟು, "ಬೇರೆ ಡ್ರೈವರ್‌ನ ನೋಡ್ಕೊ" ಎಂದ.

ಶಂಕಗಿರಿಯ ಆ ಲಾರಿ ಆಫೀಸಿನಲ್ಲಿ ಡ್ರೈವರುಗಳ ಫೋನಿಗೆ ಲೋಡ್ ಮೆಸೇಜ್ ಕಳಿಸುವವಳು ಧನಲಕ್ಷ್ಮಿಯೇ. ಹೋದ ವಾರ ಮೆಟ್ಟೂರು ಬಸ್ಸಿಗೆ ನಿಂತಿದ್ದವಳನ್ನು ಅವನು ಧೈರ್ಯ ಮಾಡಿ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಯೋಚ್ನೆ ಮಾಡಿ ಏಳ್ತೀನಿ" ಎಂದು ಅವಳು ಬಸ್ ಹತ್ತಿದ್ದಳು. ಮಾರನೆಯ ದಿನದಿಂದ ಅವನಿಗೆ ಒಂದು ಮೆಸೇಜೂ ಇಲ್ಲ. ಬಾಯಿಬಿಟ್ಟು ಬೇಡ ಎಂದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಅವನದು ತಾತನ ಹೆಸರು. ಮೊದಲ ಮೊಮ್ಮಗನಿಗೆ ಅದನ್ನಿಡದೆ ಅವರ ಮನೆಯವರು ಬಿಡುವವರಲ್ಲ. ಜೊತೆಯ ಹುಡುಗರೆಲ್ಲ ಪ್ರಭಾಕರನ್, ಶೇಖರ್ ಎಂದು ಮೆರೆಯುವಾಗ ಇವನೊಬ್ಬ ಮುನಿಕೃಷ್ಣಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅಜ್ಜಿ ಮಾತ್ರ ಅವನನ್ನು ಕೊನೆಯವರೆಗೂ 'ರಾಜಾ' ಎಂದೇ ಕರೆದಳು. ಧನಲಕ್ಷ್ಮಿಗೆ ಅಂಥ ಅಡ್ಡಿ ಏನಿತ್ತು? ದಿನವೂ ಮೈಕಿನಲ್ಲಿ "ಮುನಿಕೃಷ್ಣಪ್ಪ ತಾತಾ, ಲಾರಿ ತೆಗಿ" ಎಂದು ಕೂಗಿ ಯಾರ್ಡನ್ನೆಲ್ಲ ನಗಿಸುತ್ತಿದ್ದಳು.

ಈಗ ಅವಳು ಕೀ ನೋಡಿದಳು, ಅವನ ಮುಖ ನೋಡಿದಳು. "ಕೇಳ್ಬಿಟ್ಟು ನಾಚ್ಕೊಂಡು ಈ ಕಡೆ ಬರ್ತಿಲ್ಲ ಅಂದ್ಕೊಂಡೆ."

"ನೀನು ಮೆಸೇಜ್ ಆಕಿದ್ರೆ ತಾನೆ ಬರೋದು?"

"ನಾನು ದಿನಾ ಎಲ್ಲಾರ್ಗೂ ಕಳಿಸ್ತಾ ಇವ್ನಿ."

ಪಕ್ಕದ ಮೇಜಿನಲ್ಲಿದ್ದ ಗೋಪಿ ಕೆಮ್ಮಿದ. ಹೋದ ವಾರವಷ್ಟೇ ಆಫೀಸಿಗೆ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟವನು ಅವನೇ.

"ಅಕ್ಕಾ, ತಪ್ಪು ನಂದು. ವಯಸ್ಸಾದೋರ್ನ ತೊಪ್ಪೂರು ಘಾಟಿಗೆ ಕಳಿಸಬ್ಯಾಡ ಅಂದ್ರು ಓನರು. ನಮ್ ಲೋಡೆಲ್ಲಾ ಆ ದಾರೀಲೇ ಓಗೋದು. ಯಾರ ವಯಸ್ಸೂ ಸಿಸ್ಟಮ್ಮಲ್ಲಿಲ್ಲ. ಈ ಕಡೆ 'ಅಪ್ಪ' ಅಂತ ಮುಗಿಯೋ ಹೆಸ್ರೆಲ್ಲಾ ಮುದುಕರ್ದೇ ಅಂತ, ಅವ್ರನ್ನ ಬಿಟ್ಟು ಮಿಕ್ಕೋರ್ಗೆ ಮಾತ್ರ ಮೆಸೇಜ್ ಓಗಂಗೆ ರೆಜೆಕ್ಸ್ ಬರ್ದೆ."

"ಅದೇನ್ಲಾ ಅದು?" ಎಂದ ಮುನಿಕೃಷ್ಣಪ್ಪ.

"ಬಾಗಿಲಲ್ಲಿ ನಿಂತು ಹೆಸರಿನ ಬಾಲ ನೋಡಿ ಒಳಗೆ ಬಿಡೋ ವಾಚ್‌ಮ್ಯಾನ್ ಅಂದ್ಕೊಳ್ಳಿ."

ಧನಲಕ್ಷ್ಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮುನಿಕೃಷ್ಣಪ್ಪನಿಗೆ ನಗು ಬರಲಿಲ್ಲ. ಮೆಸೇಜಿನ ಗಂಟು ಬಿಚ್ಚಿತು, ಸರಿ. ಅವಳ ಉತ್ತರ ಎಲ್ಲಿ?

"ವಯಸ್ಸು ನಾಳೆ ಸೇರಿಸ್ತೀನಿ. ಇವತ್ತಿಗೆ ಇವ್ರೊಬ್ಬರ ಹೆಸ್ರನ್ನ ಒಳಕ್ಕೆ ಬಿಡಣ," ಎಂದ ಗೋಪಿ, ಕೀಬೋರ್ಡಿನ ಮೇಲೆ ಬೆರಳಿಟ್ಟು. "ಪೂರ್ತಿ ಹೆಸ್ರು ಏಳಕ್ಕಾ."

ಅವಳು ಬಾಯಿ ತೆರೆದಳು, ಮುಚ್ಚಿದಳು. ಕಿವಿ ಕೆಂಪಾದವು.

"ಏಳಕ್ಕಾ. ದಿನಾ ಮೈಕಲ್ಲಿ ಕೂಗ್ತಿದ್ದೆ ತಾನೆ?"

"ಆಗ ಕೂಗ್ತಿದ್ದೆ," ಎಂದು ಮೆಲ್ಲಗೆ ಹೇಳಿ, ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು ಆ ಹೆಸರನ್ನು ತಾನೇ ಟೈಪ್ ಮಾಡಿದಳು.

ಮುನಿಕೃಷ್ಣಪ್ಪನಿಗೆ ಅಜ್ಜಿಯ ನೆನಪಾಯಿತು. ಎದೆ ತುಂಬಿ ಬಂತು.

ಅವಳು ತಲೆಯೆತ್ತದೆ ಕೀಯನ್ನು ಅವನ ಕಡೆ ಸರಿಸಿದಳು. "ಏನ್ರೀ, ತಗೊಳ್ಳಿ. ಲೋಡ್ ಕಾಯ್ತಾ ಐತೆ."

ಅವನ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಅವನು ಅದನ್ನು ನೋಡಲೇ ಇಲ್ಲ.