ಟ್ರಂಕಿನೊಳಗಿನ ಜೀರುಂಡೆ

ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಮಾಜಿ ಸೈನಿಕರ ಕಲ್ಯಾಣಾಧಿಕಾರಿ, ಕುರ್ಚಿಯಲ್ಲಿ ಕೂರುವ ಮೊದಲೇ ದೂರಿನ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಇಲಾಖೆ ನಡೆಸುವ ಸೈನಿಕರ ವಿಶ್ರಾಂತಿ ಧಾಮದಲ್ಲಿ ಹಿಂದಿನ ರಾತ್ರಿ ಒಂಬತ್ತು ಶ್ರವಣ ಸಾಧನಗಳು ಕಳುವಾಗಿದ್ದವು. ಅವುಗಳನ್ನು ಅಜ್ಜಂದಿರಿಗೆ ಹಂಚಿದ್ದು ಅದೇ ಸೋಮವಾರ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಯಾರ ಮೇಲೆ ಅಂತ ಹೇಳ್ಲಿ ಮೇಡಂ? ಎಲ್ಲರೂ ಎಪ್ಪತ್ತು ದಾಟಿದವರು. ನನಗೆ ಎಫ್‌ಐಆರ್ ಪ್ರತಿ ಕೊಡಿ. ಅದಿಲ್ದೆ ಇಲಾಖೆ ಹೊಸದು ಕೊಡಲ್ಲ."

"ಕೊಟ್ರೆ ಹೊಸದು ಯಾವಾಗ ಬರುತ್ತೆ?"

"ಇವು ಬರೋಕೇ ಎರಡು ವರ್ಷ ಹಿಡೀತು. ವೈದ್ಯರ ಶಿಫಾರಸು, ಆಮೇಲೆ ಸಮಿತಿ, ಆಮೇಲೆ ನಿಧಿ ಮಂಜೂರು, ಆಮೇಲೆ ಟೆಂಡರ್... ಈಗ ಮತ್ತೆ ಮೊದಲಿಂದ ಶುರು."

ಕಲ್ಯಾಣಾಧಿಕಾರಿ ಕೆಟ್ಟವರಲ್ಲ. ಕಡತ ಯಾವ ಮೇಜಿನ ಮೇಲೆ ನಿದ್ದೆ ಹೋದರೂ ತಾವೇ ಹೋಗಿ ತಟ್ಟಿ ಎಬ್ಬಿಸಿದ್ದರು. ಸೋಮವಾರ ಅಜ್ಜಂದಿರು ತಟ್ಟೆಗೆ ಚಮಚ ತಾಗುವ ಸದ್ದು ಕೇಳಿ ಮಕ್ಕಳ ಹಾಗೆ ನಕ್ಕಾಗ, ಈ ಮನುಷ್ಯ ಹೊರಗೆ ಹೋಗಿ ಕಣ್ಣೊರೆಸಿಕೊಂಡರಂತೆ. ಅದನ್ನು ಅವರು ಹೇಳಲಿಲ್ಲ. ಆಮೇಲೆ ನರ್ಸ್ ಹೇಳಿದ್ದು.

ಕಳವು ಪ್ರಕರಣ ದಾಖಲಾಯಿತು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್, ಮೀಸೆಯಿಂದಲೇ ಊರಿಗೆಲ್ಲ ಪರಿಚಿತರಾದ ಹೆಡ್ ಕಾನ್ಸ್‌ಟೇಬಲ್‌ರನ್ನು ಕರೆದುಕೊಂಡು ಧಾಮಕ್ಕೆ ಹೋದರು. ಒಂದೇ ಅಂತಸ್ತಿನ ಉದ್ದನೆಯ ಕಟ್ಟಡ, ಐದು ಕೋಣೆ, ನಡುವೆ ಓಣಿ, ಓಣಿಯ ತುದಿಯಲ್ಲಿ ಒಂದು ಫೋನು. ಸೂರು, ಊಟ, ಔಷಧಿ, ಆಸ್ಪತ್ರೆಗೆ ಹೋಗಿಬರುವ ವ್ಯಾನು ಎಲ್ಲವೂ ಇಲಾಖೆಯ ಖರ್ಚಿನಲ್ಲಿ.

ನರ್ಸ್ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಪ್ರತಿ ರಾತ್ರಿ ಆಕೆ ಸಾಧನಗಳನ್ನು ಒರೆಸಿ, ಟ್ರೇಯಲ್ಲಿಟ್ಟು, ಕಪಾಟಿಗೆ ಬೀಗ ಹಾಕುತ್ತಿದ್ದರು. ಬೀಗ ಒಡೆದಿರಲಿಲ್ಲ.

"ಕೀಲಿ ಎಲ್ಲಿಡ್ತೀರಿ?"

"ಕ್ಯಾಲೆಂಡರ್ ಹಿಂದಿನ ಮೊಳೆಗೆ. ಗುಟ್ಟಾಗಿ."

"ಯಾರಿಗೆ ಗೊತ್ತು?"

"ಎಲ್ಲರಿಗೂ. ನಿದ್ದೆ ಇಲ್ಲ ಮೇಡಂ, ತಲೆ ಕೆಟ್ಟುಹೋಗಿದೆ. ಬೆಳಿಗ್ಗೆಯಿಂದ ಎಲ್ಲೋ ಒಂದು ಜೀರುಂಡೆ ಬೇರೆ ಪ್ರಾಣ ತಿಂತಿದೆ."

ಒಳಗಿನವರದೇ ಕೆಲಸವೆಂದು ಇನ್ಸ್‌ಪೆಕ್ಟರ್ ಬರೆದುಕೊಂಡರು. ಜೀರುಂಡೆಯನ್ನು ಬರೆದುಕೊಳ್ಳಲಿಲ್ಲ.

ಊಟದ ಹಾಲಿನಲ್ಲಿ ನಡೆದ ವಿಚಾರಣೆಯಲ್ಲಿ ಪೊಲೀಸರೇ ಸುಸ್ತಾದರು. ಮೀಸೆಯವರು ಗಂಟಲು ಹರಿಯುವಂತೆ ಕೂಗಿದ ಪ್ರಶ್ನೆ ಬೀದಿಯ ಕೊನೆಯ ಅಂಗಡಿಗೂ ಕೇಳಿತು, ಎದುರು ಕುಳಿತ ಅಜ್ಜನಿಗೆ ಮಾತ್ರ ಕೇಳಲಿಲ್ಲ. ಆಗ ಸಹಾಯಕ್ಕೆ ಬಂದವರು ರೇಡಿಯೋ ಅಜ್ಜ. ಹಿಂದೆ ಫಿರಂಗಿ ದಳದಲ್ಲಿದ್ದವರು. ಕಿವಿಗೆ ಬಿದ್ದದ್ದನ್ನೆಲ್ಲ ಬಿತ್ತರಿಸುತ್ತಾರೆಂದು ಆ ಹೆಸರು. ಧಾಮದಲ್ಲಿ ಸಾಧನ ಬೇಡವೆಂದವರು ಅವರೊಬ್ಬರೇ. ಕಿವಿ ಡಾಕ್ಟರು ಪರೀಕ್ಷೆಗೆ ಕರೆದಾಗ, "ನನ್ನ ಕಿವಿ ನೋಡೋಷ್ಟು ನಿಮಗಿನ್ನೂ ವಯಸ್ಸಾಗಿಲ್ಲ" ಎಂದು ಅಟ್ಟಿದ್ದರು. ಡಾಕ್ಟರು ಹೇಳಿದ್ದು, ಪೇಪರಿನ ಸುದ್ದಿ, ಫೋನಿನಲ್ಲಿ ಬಂದ ಮಾತು, ಎಲ್ಲವೂ ವರ್ಷಗಳಿಂದ ಅವರ ಬಾಯಿಂದಲೇ ಉಳಿದವರ ಕಿವಿಗೆ ತಲುಪುತ್ತಿತ್ತು. ಈಗ ಪೊಲೀಸರ ಪ್ರಶ್ನೆಗಳನ್ನೂ ಅವರೇ ಒಬ್ಬೊಬ್ಬರ ಕಿವಿಗೆ ಬಗ್ಗಿ ಹೇಳಿದರು.

ನಾಲ್ಕನೆಯ ಕೋಣೆಯಲ್ಲಿ ಅವರ ಜೊತೆಗಿರುವ ಅಜ್ಜನಿಗೆ ಎಲ್ಲರೂ ಗುರಿಕಾರ ಎನ್ನುತ್ತಿದ್ದರು. ತಮ್ಮ ಕಾಲದಲ್ಲಿ ಬಂದೂಕಿನ ಗುರಿ ತಪ್ಪದವರು. ಅವರು ಇನ್ಸ್‌ಪೆಕ್ಟರ್ ಕೈ ಹಿಡಿದುಕೊಂಡರು.

"ಶನಿವಾರದೊಳಗೆ ಹುಡುಕಿಕೊಡಮ್ಮಾ. ಭಾನುವಾರ ಹತ್ತು ಗಂಟೆಗೆ ನನ್ನ ತಂಗಿ ಫೋನ್ ಮಾಡ್ತಾಳೆ. ಇವನು ಎತ್ತಿ, ಅವಳು ಹೇಳಿದ್ದನ್ನೆಲ್ಲ ನನಗೆ ಹೇಳ್ತಾನೆ. ಅವಳ ದನಿ ನಾನು ಕೇಳಿ ಆರು ವರ್ಷ ಆಯ್ತು. ಈ ಭಾನುವಾರ ನಾನೇ ಎತ್ತೋದು ಅಂತಿದ್ದೆ."

ರೇಡಿಯೋ ಅಜ್ಜ ಕಿಟಕಿಯ ಪರದೆ ಸರಿಮಾಡುತ್ತ ನಿಂತಿದ್ದರು. "ಕೊಡ್ತೀನಿ ಅಜ್ಜ" ಎಂದು ಇನ್ಸ್‌ಪೆಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು.

ಶುಕ್ರವಾರ ಪೂರ್ತಿ ಮೀಸೆಯವರು ಹಳೆ ಸಾಮಾನಿನ ಅಂಗಡಿ, ರಿಪೇರಿ ಅಂಗಡಿ ಸುತ್ತಿ ಬರಿಗೈಲಿ ಬಂದರು. ಶನಿವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಕಿವಿ ಡಾಕ್ಟರಿಗೆ ಫೋನ್ ಮಾಡಿದರು.

"ಮಾರೋಕೆ ಆಗಲ್ಲ ಮೇಡಂ. ಒಬ್ಬರ ಕಿವಿ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಕೂರಲ್ಲ."

"ಬಚ್ಚಿಟ್ಟಿದ್ರೆ ಗೊತ್ತಾಗುತ್ತಾ?"

"ಆಫ್ ಮಾಡದೆ ಮುಚ್ಚಿಟ್ಟಿದ್ರೆ ಸಣ್ಣಗೆ ಸಿಳ್ಳೆ ಹಾಕ್ತಿರುತ್ತೆ, ಬ್ಯಾಟರಿ ಮುಗಿಯೋವರೆಗೂ. ಆದ್ರೆ ಅಲ್ಲಿರೋ ಅಜ್ಜಂದಿರಿಗೆ ಕೇಳಿಸಲ್ಲ. ಫಿರಂಗಿ ಹತ್ರ ಇದ್ದವರಿಗಂತೂ ಮಾತು ಕೇಳಿಸಿದ್ರೂ ಅಂಥ ಸಣ್ಣ ಸದ್ದು ಕೇಳಿಸಲ್ಲ. ಅದು ಹೋಗಿರೋದು ಅವರಿಗೇ ಗೊತ್ತಿರಲ್ಲ."

"ಮೀಸೆಯವ್ರೇ, ಜೀಪ್ ತೆಗೀರಿ" ಎಂದರು ಇನ್ಸ್‌ಪೆಕ್ಟರ್. "ಜೀರುಂಡೆ ಹಿಡಿಯೋಕೆ ಹೋಗೋಣ."

ಜೀರುಂಡೆಯ ಸದ್ದು ಓಣಿಯಲ್ಲಿ ಸಣ್ಣಗಿತ್ತು, ನಾಲ್ಕನೆಯ ಕೋಣೆಯ ಬಾಗಿಲಲ್ಲಿ ಸ್ಪಷ್ಟವಾಗಿತ್ತು. ಗುರಿಕಾರ ಹಾಸಿಗೆಯ ಮೇಲೆ ಕುಳಿತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ರೇಡಿಯೋ ಅಜ್ಜ ತಮ್ಮ ಹಳೆಯ ಕಬ್ಬಿಣದ ಟ್ರಂಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಟ್ರಂಕು ಅವರ ಕೆಳಗೆ ಸುಂಯ್ ಎನ್ನುತ್ತಿತ್ತು.

"ಅಜ್ಜ, ಕಳವಾದ ರಾತ್ರಿ ಯಾರಾದ್ರೂ ಓಡಾಡಿದ್ದು ಕೇಳಿಸ್ತಾ?"

"ಏನೂ ಇಲ್ಲ ಮಗಳೇ. ಈ ಧಾಮದಲ್ಲಿ ಸೂಜಿ ಬಿದ್ರೂ ನನಗೆ ಕೇಳುತ್ತೆ."

"ಈಗ ಏನಾದ್ರೂ ಕೇಳಿಸ್ತಿದೆಯಾ?"

ರೇಡಿಯೋ ಅಜ್ಜ ಕತ್ತು ಓರೆ ಮಾಡಿ ಆಲಿಸಿದರು. "ಫ್ಯಾನು. ಅಡುಗೆಮನೇಲಿ ಪಾತ್ರೆ. ಅಷ್ಟೇ."

ಮೀಸೆಯವರು ನಗು ತಡೆಯಲಾರದೆ ಗೋಡೆಗೆ ಮುಖ ಮಾಡಿದರು. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ಅಷ್ಟು ಹೆಮ್ಮೆಯಿಂದ ಆಲಿಸುತ್ತಿದ್ದ ಆ ಮುಖ ನೋಡಿ ಬೇಸರವೇ ಆಯಿತು.

"ಸ್ವಲ್ಪ ಏಳಿ ಅಜ್ಜ. ನಿಮ್ಮ ಟ್ರಂಕು ಸಿಳ್ಳೆ ಹಾಕ್ತಿದೆ."

ಅಜ್ಜ ಎದ್ದರು. ಮಡಿಸಿಟ್ಟ ಸಮವಸ್ತ್ರದ ಕೆಳಗೆ, ಟವೆಲಿನಲ್ಲಿ ಸುತ್ತಿದ ಟ್ರೇ ಇತ್ತು. ಒಂಬತ್ತೂ ಇದ್ದವು. ಜಪ್ತಿ ಪಂಚನಾಮೆಗೆ ನರ್ಸ್ ಮತ್ತು ಅಡುಗೆಯವರು ಸಹಿ ಹಾಕಿದರು. ಗುರಿಕಾರ ಬೂಟು ಕೈಯಲ್ಲಿ ಹಿಡಿದು ಎಲ್ಲರ ತುಟಿಗಳನ್ನೂ ನೋಡುತ್ತ ಕುಳಿತಿದ್ದರು.

"ಯಾಕೆ ಅಜ್ಜ?"

"ಅವನ ತಂಗಿ ಇಲ್ಲಮ್ಮಾ." ರೇಡಿಯೋ ಅಜ್ಜನ ದನಿ ಎಂದಿಲ್ಲದಷ್ಟು ತಗ್ಗಿತ್ತು. "ಹೋದ ವರ್ಷವೇ ತೀರಿಕೊಂಡ್ಳು. ಅವಳ ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ್ರು. ಎತ್ತಿದ್ದು ನಾನೇ. ಆಗ ಇವನು ಎದೆ ಆಪರೇಷನ್ ಆಗಿ ಆಸ್ಪತ್ರೇಲಿದ್ದ. ಬಂದ ಮೇಲೆ ಹೇಳೋಣ ಅಂದ್ಕೊಂಡೆ. ಬಂದವನು ಮೊದಲು ಕೇಳಿದ್ದೇ, ತಂಗಿ ಫೋನ್ ಮಾಡಿದ್ಳಾ ಅಂತ. ಮಾಡಿದ್ಳು ಅಂದ್ಬಿಟ್ಟೆ."

"ಆಮೇಲೆ ಪ್ರತಿ ಭಾನುವಾರ?"

"ಫೋನು ಹೊಡ್ಕೊಳ್ಳೋದು ಅವನಿಗೆ ಹೇಗೂ ಕೇಳಿಸಲ್ವಲ್ಲ. ಸುಮ್ನೆ ಎತ್ತಿ ಹಿಡ್ಕೊಂಡು ಮಾತಾಡ್ತಿದ್ದೆ. ಸ್ವೆಟರ್ ಹಾಕ್ಕೋ ಅಂತಿದ್ದಾಳೆ ಕಣೋ, ಮಂಡಿಗೆ ಎಣ್ಣೆ ಹಚ್ಚಿದ್ಯಾ ಅಂತ ಕೇಳ್ತಿದ್ದಾಳೆ ಕಣೋ... ಅವಳು ಏನು ಕೇಳ್ತಿದ್ಳು ಅಂತ ನನಗೆ ಗೊತ್ತಿತ್ತಲ್ಲ."

"ಒಂಬತ್ತೂ ಯಾಕೆ ಕದ್ರಿ?"

"ಅವನದೊಂದೇ ಹೋದ್ರೆ ಅನುಮಾನ ನನ್ನ ಮೇಲೇ ಬರುತ್ತಲ್ಲ. ಹೊಸದು ಬರೋಕೆ ಇಲಾಖೆಯವರಿಗೆ ಎರಡು ವರ್ಷ ಬೇಕು. ಅಷ್ಟರಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಹೊರಟಿರ್ತೀವಿ ಅಂತ ಲೆಕ್ಕ ಹಾಕಿದೆ. ಉಳಿದ ಎಂಟು ಜನರ ಮುಖ ನೋಡೋಕಾಗದೆ ಮೂರು ದಿನದಿಂದ ಊಟ ಸೇರಿಲ್ಲ ಮಗಳೇ."

ಇನ್ಸ್‌ಪೆಕ್ಟರ್‌ಗೆ ಈ ಮುದುಕನ ಮೇಲೆ ಸಿಟ್ಟೂ ಬಂತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಸಮವಸ್ತ್ರದೊಳಗೆ ಇಟ್ಟುಕೊಂಡರು. "ನೀವೇ ಹೇಳಿ. ನಾನು ಹೇಳಿದ್ರೆ ಅದು ಪೊಲೀಸ್ ಮಾತಾಗುತ್ತೆ" ಎಂದು ನರ್ಸ್ ಗುರುತಿಸಿಕೊಟ್ಟ ಸಾಧನವನ್ನು ಗುರಿಕಾರರ ಕಿವಿಗೆ ತಾವೇ ಹಾಕಿದರು.

ರೇಡಿಯೋ ಅಜ್ಜ ಗೆಳೆಯನ ಮುಂದೆ ಕುಳಿತು ಎಲ್ಲವನ್ನೂ ಹೇಳಿದರು. ಈ ಸಲ ಕೂಗಬೇಕಾಗಲಿಲ್ಲ. ಗುರಿಕಾರ ಸಾಧನ ತೆಗೆದು ಮೇಜಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದರು.

ಸಂಜೆ ಐದಕ್ಕೆ ಬಂಧನವಾಯಿತು. ಸುದ್ದಿ ಕೇಳಿ ಓಡಿಬಂದ ಕಲ್ಯಾಣಾಧಿಕಾರಿ ಒಂಬತ್ತು ಸಾಧನಗಳನ್ನೂ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಂಡರು, ರೇಡಿಯೋ ಅಜ್ಜನಿಗೆ ಜಾಮೀನು ತಾವೇ ನಿಲ್ಲುವುದಾಗಿಯೂ ಹೇಳಿದರು. ಅಜ್ಜ ಒಪ್ಪಲಿಲ್ಲ. "ನಾಳೆ ಭಾನುವಾರ. ನಾಳೆ ಅಲ್ಲಿ ನನ್ನ ಕೈಲಿ ಇರೋಕಾಗಲ್ಲ" ಎಂದರು. ಮೀಸೆಯವರು ಮನೆಯಿಂದ ಕಂಬಳಿ ತರಿಸಿಕೊಟ್ಟರು.

ಭಾನುವಾರ ಬೆಳಿಗ್ಗೆ ಇಲಾಖೆಯ ಆಸ್ಪತ್ರೆ ವ್ಯಾನು ಠಾಣೆಯ ಮುಂದೆ ನಿಂತಿತು. ಪಾಲಿಶ್ ಹಚ್ಚಿದ ಬೂಟು, ಸ್ವೆಟರ್ ಹಾಕಿಕೊಂಡು ಗುರಿಕಾರ ಇಳಿದರು. ಕಿವಿಯಲ್ಲಿ ಸಾಧನವಿತ್ತು, ಕಣ್ಣು ಊದಿಕೊಂಡಿದ್ದವು. ಬೆಂಚಿನ ಮೇಲಿದ್ದ ರೇಡಿಯೋ ಅಜ್ಜ ಎದ್ದುನಿಂತರು. ಗುರಿಕಾರ ಅವರತ್ತ ನೋಡದೆ ನೇರವಾಗಿ ಮೇಜಿನ ಮುಂದೆ ಬಂದರು.

"ಜಾಮೀನು ನಿಲ್ಲೋಕೆ ಬಂದಿದ್ದೀನಿ."

ಮೀಸೆಯವರು ಕಾಗದ ತೆಗೆದು ಹೆಸರು, ವಯಸ್ಸು, ವಿಳಾಸ ಬರೆದುಕೊಂಡರು. ಅಭ್ಯಾಸದಂತೆ ಗಟ್ಟಿಯಾಗಿ ಕೂಗಿದರು: "ಆರೋಪಿಗೂ ನಿಮಗೂ ಏನು ಸಂಬಂಧ?"

"ಮೆತ್ತಗೆ ಹೇಳಪ್ಪ, ಕೇಳಿಸುತ್ತೆ" ಎಂದರು ಗುರಿಕಾರ. ಗೋಡೆ ಗಡಿಯಾರ ನೋಡಿದರು. ಹತ್ತಾಗಿತ್ತು. ಆಮೇಲೆ ಮೊದಲ ಸಲ ಬೆಂಚಿನ ಕಡೆ ತಿರುಗಿದರು.

"ತಂಗಿ ಅಂತ ಬರ್ಕೋ. ಹೋದ ವರ್ಷದಿಂದ ನನಗೆ ತಂಗಿ ಅವನೇ."

ಮೀಸೆಯವರು ಪೆನ್ನು ಹಿಡಿದವರು ಹಿಡಿದಂತೆಯೇ ಇನ್ಸ್‌ಪೆಕ್ಟರ್ ಮುಖ ನೋಡಿದರು. ಇನ್ಸ್‌ಪೆಕ್ಟರ್ ತಲೆ ಆಡಿಸಿದರು. ಮೀಸೆಯವರು ಆ ಜಾಗದಲ್ಲಿ 'ಮನೆಯವರು' ಎಂದು ಬರೆದು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.