ಬಕೆಟ್ಟಿನಲ್ಲಿ ಮುಳುಗಿದ ದನಿಗಳು

ಚಳಿಗಾಲ ಹಿಂದೆ ಸರಿಯುತ್ತಿದ್ದ ದಿನಗಳು. ಬೆಳಗಿನ ಹೊತ್ತು. ಬಿಸಿಲು ಎದುರಿನ ತಾರಸಿಗಳ ಮೇಲೆ ಬಿದ್ದಿತ್ತು, ಬೀದಿಗೆ ಇನ್ನೂ ಇಳಿದಿರಲಿಲ್ಲ. ನಾನು ಠಾಣೆಯ ಮುಂದೆ ಜೀಪಿನ ಗಾಜು ಒರೆಸುತ್ತಿದ್ದೆ. ಇನ್ಸ್‌ಪೆಕ್ಟರ್ ಮೇಡಂ ಟೋಪಿ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ನಡೀರಿ ಡ್ರೈವರಣ್ಣ."

"ಏನು ಕೇಸು ಮೇಡಂ?"

"ಇಂಗ್ಲಿಷ್ ಪರೀಕ್ಷೆ."

"ಇಂಗ್ಲಿಷಿಗೂ ನಮಗೂ ಏನು ಸಂಬಂಧ?"

"ಯಾರೋ ಅದನ್ನ ನೀರಲ್ಲಿ ಮುಳುಗಿಸಿ ಕೊಂದಿದ್ದಾರಂತೆ."

ಹೊರದೇಶದ ಕೆಲಸಕ್ಕೆ ಹೋಗುವವರ ಇಂಗ್ಲಿಷ್ ಎಷ್ಟಿದೆ ಎಂದು ಅಳೆಯುವ ಜಾಗ ಅದು. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಪರೀಕ್ಷಾ ಕೇಂದ್ರ. ಹೊರಕೋಣೆಯಲ್ಲಿ ಕಾಯುವವರಿಗೆ ಉದ್ದನೆಯ ಬೆಂಚು. ಒಳಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಹಿಂದೆ ಬಚ್ಚಲು. ಆ ಬಚ್ಚಲಿನ ನೀಲಿ ಬಕೆಟ್ಟಿನಲ್ಲಿ, ತುಂಬಿದ ನೀರಿನೊಳಗೆ, ಊಟದ ಡಬ್ಬಿಯಷ್ಟು ಗಾತ್ರದ ಕಪ್ಪು ಯಂತ್ರ ಬಿದ್ದಿತ್ತು.

ಕಂಡವನು ಅಲ್ಲಿನ ಜವಾನ. ಬೆಳಿಗ್ಗೆ ಬೀಗ ತೆಗೆದು, ಕಸ ಗುಡಿಸಿ, ನೆಲ ಒರೆಸಲು ಬಕೆಟ್ಟಿಗೆ ಕೈಹಾಕಿದ್ದ. ಈಗ ಗೋಡೆಗೆ ಒರಗಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಪರೀಕ್ಷೆ ಮಾಡುವ ಹೆಂಗಸು ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಕನ್ನಡಕ ತಲೆಯ ಮೇಲಿತ್ತು, ಕೈ ಅದನ್ನು ಮೇಜಿನ ಮೇಲೆ ಹುಡುಕುತ್ತಿತ್ತು.

"ನಿನ್ನೆ ಬಂದವರ ದನಿಯೆಲ್ಲ ಇದರೊಳಗಿತ್ತು ಮೇಡಂ. ಸಂಜೆ ಇಂಟರ್ನೆಟ್ ಲೈನ್ ಕೆಟ್ಟಿತ್ತು. ಬೆಳಿಗ್ಗೆ ಮುಖ್ಯ ಕಚೇರಿಗೆ ಕಳಿಸೋಣ ಅಂತ ಬಿಟ್ಟೆ."

"ನೀವು ಹಾಕಿದ ಅಂಕ ಇರುತ್ತಲ್ಲ?"

"ನನ್ನ ಅಂಕ ಉಪ್ಪಿಲ್ಲದ ಊಟ. ಅಲ್ಲಿ ಇನ್ನೊಬ್ಬರು ದನಿ ಕೇಳಿ ಹೌದು ಅನ್ನಬೇಕು. ದನಿ ಇಲ್ಲದಿದ್ದರೆ ಏನೂ ಇಲ್ಲ."

ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಬಾಗಿರಲಿಲ್ಲ. ಬೀಗದ ಕೈ ಇದ್ದದ್ದು ಜವಾನನ ಹತ್ತಿರ ಮಾತ್ರ.

"ನಿನ್ನೆ ಬೀಗ ಹಾಕುವಾಗ ಯಂತ್ರ ಎಲ್ಲಿತ್ತಪ್ಪ?" ಮೇಡಂ ಕೇಳಿದರು.

"ಮೇಜಿನ ಮೇಲೇ ಇತ್ತು. ಗವಸು ಹಾಕಿತ್ತು."

"ಗವಸು ಎತ್ತಿ ನೋಡಿದ್ಯಾ?"

"ಯಾಕೆ ನೋಡ್ಲಿ? ಮಲಗಿರೋ ಮಗೂನ ಯಾರಾದ್ರೂ ಎಬ್ಬಿಸಿ ನೋಡ್ತಾರಾ?"

"ನೀನು ಬೀಗ ಹಾಕುವಾಗ ಬೇರೆ ಯಾರಿದ್ರು?"

"ಯಾರೂ ಇರಲಿಲ್ಲ." ಉತ್ತರ ಪ್ರಶ್ನೆಗಿಂತ ಮುಂಚೆ ಬಂದಂತಿತ್ತು.

ಬಟ್ಟೆಯ ಗವಸು ಈಗಲೂ ಮೇಜಿನ ಮೇಲೆ ಚೌಕಾಕಾರವಾಗಿ ಕೂತಿತ್ತು. ಮೇಡಂ ಎತ್ತಿದರು. ಕೆಳಗೆ ಕಾಗದದ ಲೋಟ ಬರುವ ಖಾಲಿ ರಟ್ಟಿನ ಡಬ್ಬ. ಅದನ್ನೇ ಬಹಳ ಹೊತ್ತು ನೋಡಿದರು.

ಮಧ್ಯಾಹ್ನದ ಮೊದಲೇ ದೊಡ್ಡ ಸಾಹೇಬರ ಫೋನು ಬಂತು. ಬೀಗದ ಕೈ ಯಾರ ಹತ್ತಿರವೋ ಕಳ್ಳ ಅವನೇ, ಒಳಗೆ ಹಾಕಿ ಎಂದರು. ಜವಾನ ಜೀಪಿನ ಹಿಂದೆ ಕೂತ. ದಾರಿಯುದ್ದಕ್ಕೂ ಒಂದೇ ಮಾತು: "ನನ್ನ ಹೆಂಡತಿಗೆ ಹೇಳಿ, ಊಟಕ್ಕೆ ಕಾಯಬೇಡ ಅಂತ."

* * *

ಪರೀಕ್ಷಕಿ ಇನ್ನೊಬ್ಬನ ಮೇಲೂ ಬೆರಳು ತೋರಿಸಿದ್ದರು. ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋಗಬೇಕೆಂದಿದ್ದ ಒಬ್ಬ ಅಡುಗೆಯವ. ಹಿಂದೆ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಹೋದರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಅದು ಅಲ್ಲಿಯ ನಿಯಮ. "ಈ ಸಲ ಏನಾದ್ರೂ ಆದ್ರೆ ನಿಮ್ಮ ಯಂತ್ರಾನ ಒಗ್ಗರಣೆಗೆ ಹಾಕ್ತೀನಿ" ಎಂದು ಎಲ್ಲರೆದುರು ಕೂಗಾಡಿದ್ದನಂತೆ.

ನಾವು ಹೋದಾಗ ಹೋಟೆಲಿನ ಹಿತ್ತಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಕಣ್ಣಲ್ಲಿ ನೀರು, ಬಾಯಲ್ಲಿ ಹಾಡು.

"ಯಂತ್ರ ನೀರಿಗೆ ಬಿದ್ದಿದೆ" ಎಂದರು ಮೇಡಂ.

ಹಾಡು ನಿಂತಿತು. "ಯಾವ ಪಾಪಿ ಮಾಡಿದ್ದು?"

"ನೀನೇ ಅಂತ ಹೇಳ್ತಾರೆ."

"ನಾನಾ? ಮೇಡಂ, ಹಾಲು ಕರೆಯೋ ಹಸೂನ ಯಾರಾದ್ರೂ ಕಡೀತಾರಾ? ನಾನು ಪಾಸು. ನಿನ್ನೆ ಒಳಗೆ ಹೋದೆ, ನಾಲ್ಕು ಮಾತು ಕೇಳಿದ್ರು, ಪಟಪಟ ಹೇಳಿದೆ. ಆಯಮ್ಮ ನಕ್ಕು ಥ್ಯಾಂಕ್ಯೂ ಅಂದ್ರು. ಮುಗೀತು. ಹೊರಗೆ ಬಂದು ಬೆಂಚಿಗೆಲ್ಲ ಟೀ ಕೊಡಿಸಿದೆ. ಬೇಕಾದ್ರೆ ಕೇಳಿ, ಆ ನರ್ಸಮ್ಮನ ಅತ್ತೆಗೂ ಕೊಡಿಸಿದ್ದೆ."

"ಯಾವ ನರ್ಸಮ್ಮ?"

"ಪಾಪ, ಕೊನೇಲಿ ಹೋದೋರು. ಅವರದು ಮಾತ್ರ ಕೆಟ್ಟೋಯ್ತು. ಬಾವಿಗೆ ಬಿದ್ದೋರ ಥರ, ಹೊರಗೆ ಬರ್ಲೇ ಇಲ್ಲ. ಆ ಅಜ್ಜಿ ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿತ್ತು."

ಮೇಡಂ ಅವನನ್ನು ಬಿಟ್ಟು ಬಂದರು. ಜೀಪು ಹತ್ತಿ, ಮತ್ತೆ ಪರೀಕ್ಷಾ ಕೇಂದ್ರಕ್ಕೆ ಹೋಗಲು ಹೇಳಿದರು.

* * *

"ಆ ಅಡುಗೆಯವನು ಪಾಸಾ?" ಬಾಗಿಲಲ್ಲೇ ಕೇಳಿದರು.

ಪರೀಕ್ಷಕಿ ತಲೆಯಾಡಿಸಿದರು. "ಇಲ್ಲ. ಎರಡನೇ ಮೆಟ್ಟಿಲಲ್ಲೇ ನಿಂತುಬಿಟ್ಟ."

"ಮೆಟ್ಟಿಲು ಅಂದ್ರೆ?"

"ಇದು ಹೊಸ ಪರೀಕ್ಷೆ. ಮೊದಲೆಲ್ಲ ಕಾಗದದ ಮೇಲೆ ಬರೀತಿದ್ರು. ಈ ತಿಂಗಳಿಂದ ಎದುರಿಗೆ ಕೂರಿಸಿ ಕೇಳ್ತೀವಿ. ಮೊದಲು ಸುಲಭದ ಪದ, ಆಮೇಲೆ ವಾಕ್ಯ, ಆಮೇಲೆ ಕಷ್ಟದ ಮಾತು. ಹೇಳಿದರೆ ಒಂದು ಮೆಟ್ಟಿಲು ಮೇಲೆ. ತಡವರಿಸಿದರೆ ಅಲ್ಲಿಗೇ ನಿಲ್ಲಿಸಿ, ನಕ್ಕು, ಕಳಿಸಿಬಿಡ್ತೀವಿ. ಪಾಸಾದರೂ ಅದೇ ನಗು, ಫೇಲಾದರೂ ಅದೇ ನಗು. ಫಲಿತಾಂಶ ಹೇಳೋ ಹಾಗಿಲ್ಲ."

"ಅಂದ್ರೆ ಇಂಗ್ಲಿಷ್ ಬಾರದವರು ಬೇಗ ಹೊರಗೆ ಬರ್ತಾರೆ."

"ಹೌದು. ಇಂಗ್ಲಿಷ್ ಬರೋರನ್ನ ಬೀಳೋ ತನಕ ಹತ್ತಿಸ್ತೀವಿ. ಎಲ್ಲಿ ಬೀಳ್ತಾರೋ ಅದೇ ಅವರ ಮಟ್ಟ."

"ಕೊನೆಗೆ ಎಲ್ಲರೂ ಬಿದ್ದೇ ಹೊರಗೆ ಬರೋದು."

"ಎಲ್ಲರೂ."

ಮೇಡಂ ಹೊರಕೋಣೆಯ ಬೆಂಚಿನ ಮೇಲೆ ಕೂತರು. ಅಲ್ಲಿಂದ ಒಳಬಾಗಿಲನ್ನು ನೋಡಿದರು. ಕಾಯುವವರು ನೋಡುವ ಹಾಗೆ.

"ಇದನ್ನ ಈ ಬೆಂಚಿನವರಿಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ. ಹೇಳಬಾರದು ಅಂತಲೇ ಆದೇಶ."

"ಕೊನೆಯಲ್ಲಿ ಬಂದ ನರ್ಸ್ ಎಷ್ಟು ಹತ್ತಿದಳು?"

ಪರೀಕ್ಷಕಿಯ ಮುಖ ಮೊದಲ ಸಲ ಅರಳಿತು. "ತುದಿಯ ತನಕ. ಈ ಕೇಂದ್ರದಲ್ಲಿ ಇನ್ಯಾರೂ ಹತ್ತಿಲ್ಲ. ಹಿಂದೆ ಎರಡು ಸಲ ಕಾಗದದಲ್ಲಿ ಸೋತಿದ್ದಳು. ಮಾತಿನಲ್ಲಿ ಗೆದ್ದಳು. ಮತ್ತೆ ಪರೀಕ್ಷೆ ಮಾಡಿಸಿದರೂ ಪಾಸಾಗ್ತಾಳೆ."

"ಮತ್ತೆ ಮಾಡಿಸ್ತಾರಾ?"

"ಯಂತ್ರ ತಾನಾಗಿ ಕೆಟ್ಟರೆ ಮಾಡಿಸ್ತಾರೆ. ಬೇರೆ ಯಾರೋ ಕೆಡಿಸಿದರೂ ಮಾಡಿಸ್ತಾರೆ. ಅಭ್ಯರ್ಥಿಯ ಕಡೆಯವರು ಕೈಹಾಕಿದ್ದರೆ ಮಾತ್ರ ಆ ಅಭ್ಯರ್ಥಿಗೆ ಜೀವಮಾನ ಪರೀಕ್ಷೆ ಇಲ್ಲ."

ಮೇಡಂ ಎದ್ದರು. ಆ ದಿನ ಅವರು ಎದ್ದದ್ದು ವಯಸ್ಸಾದವರ ಹಾಗಿತ್ತು.

ಜೀಪಿನಲ್ಲಿ ಅವರೇ ಮಾತು ತೆಗೆದರು. "ಬೆಳಗಿಂದ ನಾವು ಫೇಲಾದವರನ್ನ ಹುಡುಕ್ತಾ ಇದ್ವಿ ಡ್ರೈವರಣ್ಣ. ಫೇಲಾದವರೆಲ್ಲ ತಾವು ಪಾಸು ಅಂತ ಟೀ ಕುಡಿದು ಮನೆಗೆ ಹೋಗಿದ್ದಾರೆ. ಅವರ್ಯಾಕೆ ಕೆಡಿಸ್ತಾರೆ? ಹುಡುಕಬೇಕಾದ್ದು ಫೇಲಾದೆ ಅಂದ್ಕೊಂಡವರನ್ನ."

"ಬೀಗ ಮೇಡಂ?"

"ರಾತ್ರಿ ಬರೋ ಕಳ್ಳ ಖಾಲಿ ಡಬ್ಬಕ್ಕೆ ಗವಸು ತೊಡಿಸಿ ಹೋಗ್ತಾನಾ? ಅವನಿಗೆ ಯಾರ ಕಣ್ಣು ತಪ್ಪಿಸಬೇಕಿತ್ತು? ತೊಡಿಸಿದವರಿಗೆ, ಆಮೇಲೆ ಯಾರೋ ಒಳಗೆ ಬರ್ತಾರೆ ಅಂತ ಗೊತ್ತಿತ್ತು. ಇದು ಬೀಗ ಹಾಕೋದಕ್ಕೆ ಮುಂಚೆ ನಡೆದ ಕೆಲಸ. ಜವಾನ ಏನೋ ಮುಚ್ಚಿಡ್ತಾ ಇದ್ದಾನೆ."

* * *

ಲಾಕಪ್ಪಿನ ಸರಳಿನಾಚೆ ಜವಾನ ಮೊದಲು ಅತ್ತ. ಆಮೇಲೆ ಹೇಳಿದ.

ಪರೀಕ್ಷಕಿ ಯಂತ್ರಕ್ಕೆ ಗವಸು ಹಾಕಿ ಹೊರಟಾಗ, ಅವರ ಚೀಲಗಳನ್ನು ಹೊತ್ತು ಆಟೋದವರೆಗೆ ಹೋಗಿದ್ದ. ಕೋಣೆ ತೆರೆದೇ ಇತ್ತು. ತೆರೆದು ಬಿಟ್ಟು ಹೋದರೆ ಕೆಲಸ ಹೋಗುತ್ತದೆ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

"ತೆರೆದಿದ್ದರೂ ಕಾವಲಿತ್ತು ಮೇಡಂ. ನರ್ಸಮ್ಮ ಡ್ಯೂಟಿಗೆ ಓಡಿದ್ದರು. ಅವರ ಅತ್ತೆ ಬೆಂಚಿನ ಮೇಲಿದ್ರು. 'ನೀನು ಹೋಗಿ ಬಾರಪ್ಪ, ನಾನು ಕೂತಿರ್ತೀನಿ' ಅಂದ್ರು. ಅವರು ದೇವರಂಥೋರು. ನನ್ನ ಕಾಲು ನೋವಿಗೆ ಎಣ್ಣೆ ತಂದುಕೊಟ್ಟೋರು."

ಮೇಡಂ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

* * *

ಆಸ್ಪತ್ರೆಯ ಹಿಂದಿನ ಓಣಿ. ಒಂದೇ ಕೋಣೆಯ ಮನೆ. ಗೋಡೆಗೆ ಸೋಪಿನ ಡಬ್ಬ, ಔಷಧಿಯ ಡಬ್ಬಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿದ್ದರು. ಕೊಡೆ, ಬಾತುಕೋಳಿ, ಹಲ್ಲು, ಚಮಚ. ಓದು ಬಾರದ ಅತ್ತೆ ದಿನಾ ಒಂದೊಂದನ್ನೂ ಕೋಲಿನಿಂದ ತೋರಿಸುವುದು, ಸೊಸೆ ಅದರ ಇಂಗ್ಲಿಷ್ ಹೇಳುವುದು. ತಪ್ಪಿದರೆ ತಿಳಿಯುವುದು ಹೇಗೆ ಎಂದು ಪಕ್ಕದ ಮನೆಯವರು ನಗುತ್ತಿದ್ದರಂತೆ. "ಅವಳ ಮುಖ ನೋಡಿದ್ರೆ ತಿಳಿಯುತ್ತೆ" ಎನ್ನುತ್ತಿದ್ದರಂತೆ ಅತ್ತೆ.

ಮಗ ತೀರಿಕೊಂಡು ಎರಡು ವರ್ಷ. ಸೊಸೆಗೆ ಹೊರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಕಾದಿತ್ತು. ಈ ಪರೀಕ್ಷೆಯೊಂದೇ ಅಡ್ಡ.

ಅತ್ತೆ ನರ್ಸಿನ ಬಿಳಿ ಬಟ್ಟೆ ಮಡಚುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಸೊಸೆ ಎದ್ದು ಕೂತಳು.

"ಅಮ್ಮ, ನಿನ್ನೆ ಜವಾನ ಕೆಳಗೆ ಹೋದಾಗ ನೀವು ಒಬ್ಬರೇ ಇದ್ರಿ" ಎಂದರು ಮೇಡಂ.

"ಇದ್ದೆ."

"ಯಂತ್ರ ನೀರಿಗೆ ಹಾಕಿದ್ದು?"

"ನಾನೇ ತಾಯಿ." ಮಡಚುವ ಕೈ ನಿಲ್ಲಲಿಲ್ಲ.

"ಅತ್ತೆ?" ಎಂದಳು ಸೊಸೆ.

"ನೀನು ಸುಮ್ನಿರು. ನಿನಗೆ ಇದರಲ್ಲಿ ಏನೂ ಗೊತ್ತಿಲ್ಲ." ಮೇಡಂ ಕಡೆ ತಿರುಗಿದರು. "ಎಲ್ಲರೂ ನಗ್ತಾ ಹೊರಗೆ ಬಂದ್ರು. ಇವಳನ್ನ ಮಾತ್ರ ಅಷ್ಟು ಹೊತ್ತು ಅರೆದ್ರು. ಬಿಳುಚಿಕೊಂಡು ಬಂದ್ಲು. ಕೊನೆಗೆ ಕೇಳಿದ್ದು ಒಂದೂ ತಿಳೀಲಿಲ್ಲ ಅತ್ತೆ ಅಂದ್ಲು. ಇದು ಮೂರನೇ ಸಲ. ಹೋದ ವಾರ ಒಂದು ಹುಡುಗಿಯ ದನಿ ಹಿಡೀಲಿಲ್ಲ ಅಂತ ಮತ್ತೆ ಕೂರಿಸಿದ್ರು, ಅದನ್ನ ಲೆಕ್ಕಕ್ಕೇ ಹಿಡೀಲಿಲ್ಲ. ನಾನು ಬೆಂಚಲ್ಲಿ ಕೂತು ಕೇಳಿಸಿಕೊಂಡೆ. ದನಿ ಇಲ್ಲ ಅಂದ್ರೆ ಲೆಕ್ಕ ಇಲ್ಲ."

"ಬಕೆಟ್ಟಲ್ಲೇ ಯಾಕೆ ಬಿಟ್ರಿ?"

"ಅದ್ದಿ, ಒರೆಸಿ, ವಾಪಸು ಇಡೋಣ ಅಂತಿದ್ದೆ. ತಾನಾಗೇ ಕೆಟ್ಟಿತು ಅಂದ್ಕೊಳ್ತಾರೆ ಅಂತ. ಅಲ್ಲೀ ತನಕ ಯಾರಿಗೂ ಕಾಣಬಾರದು ಅಂತ ಖಾಲಿ ಡಬ್ಬಕ್ಕೆ ಬಟ್ಟೆ ಮುಚ್ಚಿದ್ದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದಾಯ್ತು."

"ಅವನನ್ನ ಬೆಳಿಗ್ಗೆಯೇ ಒಳಗೆ ಹಾಕಿದ್ದೀವಿ."

ಅತ್ತೆಗೆ ಅದು ಗೊತ್ತಿರಲಿಲ್ಲ. ಬಟ್ಟೆ ಬದಿಗಿಟ್ಟರು. "ಹಾಗಾದ್ರೆ ನಡೀರಿ. ಅವನನ್ನ ಬಿಟ್ಟುಬಿಡಿ."

ಸೊಸೆ ಎದ್ದು ನಿಂತಳು. "ಮೇಡಂ, ನಾನು ಫೇಲಾ?"

ಹೇಳದೆ ಇರಬಹುದಿತ್ತು. ಆದರೆ ಮೇಡಂ ಹೇಳಿದರು. ಹೊತ್ತು ಹಿಡಿದದ್ದು ಯಾಕೆ, ಮೆಟ್ಟಿಲು ಯಾವುದು, ತುದಿಗೆ ಹತ್ತಿದವಳು ಯಾರು. ಕೊನೆಗೆ ಆ ನಿಯಮವನ್ನೂ ಹೇಳಿದರು. ನಿಧಾನವಾಗಿ, ಅತ್ತೆಗೂ ತಿಳಿಯುವ ಹಾಗೆ.

ಯಾರೂ ಅಳಲಿಲ್ಲ. ಹೊರಗೆ ನಲ್ಲಿಗೆ ನೀರು ಬಂದು ಓಣಿಯ ಹೆಂಗಸರು ಜಗಳ ತೆಗೆದಿದ್ದರು. ಅತ್ತೆ ಗೋಡೆಯ ಚಿತ್ರಗಳ ಕಡೆ ನೋಡುತ್ತಿದ್ದರು. ಸೊಸೆ ಅತ್ತೆಯ ಕಡೆ ನೋಡುತ್ತಿದ್ದಳು. ಅಂಥ ನೋಟವನ್ನು ನಾನು ಠಾಣೆಯಲ್ಲಿಯೂ ಕಂಡಿರಲಿಲ್ಲ. ಅದರಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

* * *

"ಆ ಅಜ್ಜೀನ ಬಿಟ್ಟುಬಿಡೋಕೆ ಆಗಲ್ವಾ ಮೇಡಂ?" ಠಾಣೆಯ ಮುಂದೆ ಇಳಿಯುವಾಗ ಕೇಳಿದೆ.

"ಬಿಟ್ಟರೆ ಜವಾನ ಒಳಗಿರ್ತಾನೆ. ಅವನಿಗೂ ಹೆಂಡತಿ ಊಟ ಬಡಿಸಿಕೊಂಡು ಕೂತಿದ್ದಾಳೆ."

ಸೊಸೆಗೆ ಏನೂ ತಿಳಿದಿರಲಿಲ್ಲ ಎಂದು ಮೇಡಂ ಎರಡು ಸಲ ಬರೆದು ಕಳಿಸಿದರು, ಒಮ್ಮೆ ತಾವೇ ಹೋಗಿ ಹೇಳಿದರು. ಮುಖ್ಯ ಕಚೇರಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು. ನಿಯಮ ನಿಯಮವೇ ಎಂದರು.

ಉಳಿದವರಿಗೆ ಮತ್ತೆ ಪರೀಕ್ಷೆ ನಡೆಯಿತು. ಅಷ್ಟರಲ್ಲಿ ಗುಟ್ಟು ಬೆಂಚಿಗೆಲ್ಲ ಹರಡಿತ್ತು. ಬಂದವರೆಲ್ಲ ಒಳಬಾಗಿಲನ್ನೇ ನೋಡುತ್ತ ಕೂತರು. ಅಡುಗೆಯವ ಒಳಗೆ ಹೋದವನು ಬೇಗ ಏಳಬಾರದೆಂದು ಬಾಯಿಗೆ ಬಂದದ್ದೆಲ್ಲ ಮಾತಾಡಿದನಂತೆ. ಪರೀಕ್ಷಕಿ ನಕ್ಕು ಥ್ಯಾಂಕ್ಯೂ ಎಂದಾಗ ಕುರ್ಚಿ ಬಿಡದೆ, "ಇನ್ನೊಂದು ಕೇಳಿ ಅಮ್ಮ, ಒಂದೇ ಒಂದು" ಎಂದನಂತೆ. ಹೊರಗೆ ಬಂದ ಅವನಿಗೆ ಯಾರೋ ಟೀ ಕೊಡಿಸಿದರು. ಕುಡಿಯಲಿಲ್ಲ.

ಜವಾನನನ್ನು ನಾವು ಅದೇ ಸಂಜೆ ಬಿಟ್ಟೆವು. ಕೋಣೆ ತೆರೆದು ಬಿಟ್ಟದ್ದಕ್ಕೆ ಕೇಂದ್ರದವರೂ ಅವನನ್ನು ಬಿಟ್ಟರು, ಕೆಲಸದಿಂದ.

ಅತ್ತೆಗೆ ಜಾಮೀನು ಸಿಕ್ಕಿದ್ದು ಒಂದು ಮಂಗಳವಾರ. ಸಹಿ ಹಾಕಿದವಳು ಸೊಸೆಯೇ. ಮನೆಗೆ ಕರೆದುಕೊಂಡು ಹೋದಳು, ಡಬ್ಬಗಳಿಗೆಲ್ಲ ದಿನಸಿ ತುಂಬಿಸಿದಳು, ಮಾತ್ರೆಗಳನ್ನು ತಂದಿಟ್ಟಳು. ಕೆಟ್ಟ ಮಾತು ಒಂದೂ ಆಡಲಿಲ್ಲ; ಒಳ್ಳೆಯದೂ ಆಡಲಿಲ್ಲ.

ವಾರದ ಕೊನೆಗೆ ಸಮನ್ಸು ಕೊಡಲು ನಾನೇ ಹೋಗಿದ್ದೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು.

"ಸೊಸೆ ಡ್ಯೂಟೀಲಿದ್ದಾರಾ ಅಮ್ಮ?"

"ಹೋದ್ಲಪ್ಪ. ಬೇರೆ ಯಾವುದೋ ಊರಿನ ಆಸ್ಪತ್ರೆಯಂತೆ. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳು ಹೋಗ್ಲಿ ಅಂತಲೇ ಅಲ್ವಾ ನಾನು ಇಷ್ಟೆಲ್ಲ ಮಾಡಿದ್ದು."

"ಯಾವಾಗ ಹೋದ್ರು?"

"ನಿನ್ನೆ, ಶುಕ್ರವಾರ. ಮನೆ ಲಕ್ಷ್ಮಿ ಹೊಸ್ತಿಲು ದಾಟಬಾರದು ಅಂತಾರಲ್ಲ, ಆ ದಿನ."