ಮಧ್ಯಾಹ್ನದ ಅರುಂಧತಿ

ಏಳು ಬೆಟ್ಟಗಳಾಚೆ, ಬಹಳ ಹಿಂದೆ, ನೇಸರಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಕೇತುಮುಖನೆಂಬ ಮಾಂತ್ರಿಕ ಆಸ್ಥಾನದ ಜೋಯಿಸನಾಗಿ ಕೂತಿದ್ದ. ಯಾರಿಗೆ ಕಣ್ಣು ಮಂಜಾದರೂ ಅವನ ಬಳಿ ಹೋಗಬೇಕು. ಅವನು ಕವಡೆ ಹಾಕಿ, "ಎರಡನೇ ಮನೆಯ ಸೂರ್ಯ ಬಲಗಣ್ಣು ಕೆಡಿಸಿದ, ಹನ್ನೆರಡನೇ ಮನೆಯ ಚಂದ್ರ ಎಡಗಣ್ಣು ಕೆಡಿಸಿದ. 'ತಪ್ಪು ನನ್ನ ನಕ್ಷತ್ರದ್ದು' ಅನ್ನು, ವಾಸಿಯಾಗುತ್ತೆ" ಅನ್ನುತ್ತಿದ್ದ. ಪಾಪ, ಜನ ಅನ್ನುತ್ತಿದ್ದರು. ಅಂದ ಕೂಡಲೇ ಅಷ್ಟಿಷ್ಟು ಉಳಿದ ದೃಷ್ಟಿಯೂ ಹಾರಿ ಅವನ ತಾಮ್ರದ ಗಿಂಡಿಗೆ ಬೀಳುತ್ತಿತ್ತು. ಅದೇ ಅವನ ಮಾಯೆಯ ಬಲ.

ಅನ್ಯಾಯ ಅಂದರೆ ಇದಲ್ಲವೇ! ಕುಲುಮೆಯ ಹೊಗೆಗೆ ಕಣ್ಣು ಕಳೆದುಕೊಂಡ ಕಮ್ಮಾರನಿಗೆ ಆಶ್ಲೇಷ ಏನು ಮಾಡಿತ್ತು? ಮೇಲೆ ತನ್ನ ಪಾಡಿಗೆ ಮಿನುಗುವ ನಕ್ಷತ್ರ ಕೆಳಗಿಳಿದು ತಿದಿ ಒತ್ತಿತ್ತೇ?

ಅರಮನೆಗೆ ಮುತ್ತು ಪೋಣಿಸುತ್ತಿದ್ದ ಸಿದ್ದವ್ವನೂ ಹೀಗೇ ಕುರುಡಿಯಾಗಿದ್ದಳು. ಆಗ ಮಗಳು ಹೊನ್ನಾಜಿಗೆ ಆರು ವರ್ಷ. ಅದೇ ಕಸುಬು ಕಲಿತು ಬೆಳೆದ ಹೊನ್ನಾಜಿಗೆ ಬೈಚನ ಜೊತೆ ಮದುವೆ ಗೊತ್ತಾಯಿತು. ರಾಜನೂ ಬಂದ, ಕೇತುಮುಖನೂ ಬಂದ.

ತಾಳಿಗೆ ಮುಂಚೆಯೇ ಅರುಂಧತಿ ತೋರಿಸುವುದು ಆ ನಾಡಿನ ಪದ್ಧತಿ. ನೆತ್ತಿಯ ಮೇಲೆ ಸೂರ್ಯ. ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು, "ಅಗೋ ಅರುಂಧತಿ ನಕ್ಷತ್ರ, ಕಂಡಿತೇ?" ಎಂದರು.

"ಕಂಡಿತು" ಎಂದ ಬೈಚ.

"ನನಗೆ ಕಾಣಿಸಲಿಲ್ಲ" ಎಂದಳು ಹೊನ್ನಾಜಿ.

ಚಪ್ಪರವೆಲ್ಲ ಗುಸುಗುಸು. ಎಲ್ಲ ಮದುವೆಯಲ್ಲೂ ಎಲ್ಲರೂ 'ಕಂಡಿತು' ಅಂದವರೇ! ಕೇತುಮುಖ ಗಿಂಡಿ ಎತ್ತಿಕೊಂಡು ಬಂದ. "ಕಣ್ಣಿನ ದೋಷ! ತಪ್ಪು ನಿನ್ನ ನಕ್ಷತ್ರದ್ದು ಅನ್ನು!"

"ಮಟಮಟ ಮಧ್ಯಾಹ್ನ ಯಾವ ಚುಕ್ಕಿ ಕಾಣುತ್ತೆ ಸ್ವಾಮಿ? ನನ್ನ ಕಣ್ಣು ಚೆನ್ನಾಗೇ ಇದೆ."

"ಹಾಗಾದರೆ ಮೂರು ಪರೀಕ್ಷೆ. ಒಂದರಲ್ಲಿ ಸೋತರೂ ಆ ಮಾತು ಅನ್ನಬೇಕು" ಎಂದ ಕೇತುಮುಖ. ರಾಜ ಒಪ್ಪಿದ.

ಮೊದಲನೆಯದು: ಸಾಸಿವೆ ಕಾಳಿಗೆ ತೂತು ಕೊರೆದು ಕೂದಲು ಪೋಣಿಸು. ಹೊನ್ನಾಜಿ ಪೋಣಿಸಿದಳು.

ಎರಡನೆಯದು: ಕೇತುಮುಖ ಮಾಯದ ಹದ್ದನ್ನು ಏಳು ಮೋಡದಾಚೆ ಹಾರಿಸಿ, ಅದರ ಕಾಲಲ್ಲೇನಿದೆ ಎಂದು ಕೇಳಿದ. "ಓತಿಕ್ಯಾತ. ಪಾಪ, ಇನ್ನೂ ಬಾಲ ಆಡಿಸ್ತಿದೆ" ಎಂದಳು. ಹದ್ದು ಇಳಿಯಿತು. ಓತಿಕ್ಯಾತವೇ!

ಮೂರನೆಯದಕ್ಕೆ ಮಾಂತ್ರಿಕ ಬರಿಯ ಆಕಾಶಕ್ಕೆ ಬೆರಳು ತೋರಿಸಿದ. "ಅಲ್ಲಿದೆ ನನ್ನ ನಕ್ಷತ್ರ. ಬಣ್ಣ ಯಾವುದು?"

"ಕೆಂಪು" ಎಂದ ರಾಜ. "ಕೆಂಪು, ಕೆಂಪು" ಎಂದರು ಮಂತ್ರಿಗಳು. ಬೈಚನೂ ಬಗ್ಗಿ, "ಕೆಂಪು ಅಂದುಬಿಡು ಮಾರಾಯ್ತಿ, ತಾಳಿ ಕಟ್ಟಿಬಿಡ್ತೀನಿ" ಎಂದು ಪಿಸುಗುಟ್ಟಿದ.

"ಅಲ್ಲಿ ಏನೂ ಇಲ್ಲ!" ಎಂದಳು ಹೊನ್ನಾಜಿ.

"ಸೋತೆ! ಹೂಂ, ಅನ್ನು ಆ ಮಾತು!" ಗಿಂಡಿ ಅವಳ ಮುಖಕ್ಕೆ ಬಂತು.

ಆಗ ಮೂಲೆಯಲ್ಲಿದ್ದ ಸಿದ್ದವ್ವ ಧಡಕ್ಕನೆ ಎದ್ದಳು. "ಮುಚ್ಚೋ ಬಾಯಿ! ಸಾಸಿವೆಗೆ ಕೂದಲು ಪೋಣಿಸಿದ ಕಣ್ಣನ್ನು ಕಿತ್ಕೋತೀಯಾ? ನನ್ನ ಕಣ್ಣು ಕಿತ್ಕೊಂಡದ್ದು ಸಾಲದಾಯ್ತೇ? ಇಪ್ಪತ್ತು ವರ್ಷ ಕಿಟಕಿ ಇಲ್ಲದ ಕೋಣೇಲಿ, ಮಿಣಿಮಿಣಿ ಹಣತೇಲಿ ರಾಣಿಯರಿಗೆ ಮುತ್ತು ಪೋಣಿಸಿದೆ. ಅದಕ್ಕೇ ನನ್ನ ಕಣ್ಣು ಮಂಜಾಯಿತು. ಮಿಕ್ಕದ್ದನ್ನು ನೀನು ಕದ್ದೆ. ಆವತ್ತು ಅಂದ ಮಾತು ವಾಪಸ್ ತಗೊಂಡೆ ಕಣೋ! ತಪ್ಪು ನನ್ನ ನಕ್ಷತ್ರದ್ದಲ್ಲ!"

ಗಿಂಡಿ ಟಣ್ಣೆಂದು ಬಿರುಕು ಬಿಟ್ಟಿತು.

"ನನ್ನದು ಕುಲುಮೆ ಹೊಗೆ! ನಕ್ಷತ್ರದ್ದಲ್ಲ!" ಎಂದು ಕಮ್ಮಾರ ಕೂಗಿದ. "ನನ್ನದು ಸುಣ್ಣದ ಗೂಡು!" ಎಂದಳು ಸುಣ್ಣಗಾರ್ತಿ. ಒಬ್ಬೊಬ್ಬರು ಕೂಗಿದಂತೆ ಗಿಂಡಿ ಚೂರುಚೂರಾಯಿತು. ಬೆಳಕಿನ ಹನಿಗಳು ಹಾರಿ ಅವರವರ ಕಣ್ಣು ಸೇರಿದವು. ಕದ್ದ ದೃಷ್ಟಿಯಲ್ಲೇ ಬದುಕಿದ್ದ ಕೇತುಮುಖ ಕತ್ತಲಲ್ಲಿ ತಡಕಾಡುತ್ತ, ತನ್ನ ಹದ್ದಿನ ಬಾಲ ಹಿಡಿದು ರಾಜ್ಯ ಬಿಟ್ಟೋಡಿದ.

ರಾಜ ತಲೆ ತಗ್ಗಿಸಿ, "ನನಗೂ ಏನೂ ಕಂಡಿರಲಿಲ್ಲ" ಎಂದ. "ನನಗೂ" ಎಂದ ಬೈಚ.

"ಮೊದಲೇ ಬೊಗಳೋಕೆ ಏನಾಗಿತ್ತು?" ಎಂದು ಬೈದೇ ಹೊನ್ನಾಜಿ ತಾಳಿಗೆ ಕತ್ತು ಬಗ್ಗಿಸಿದಳು. ಅದೇ ವಾರ ಮುತ್ತಿನ ಕೋಣೆಗೆ ನಾಲ್ಕು ಕಿಟಕಿ ಬಂದವು, ಕುಲುಮೆಗೆ ಹೊಗೆಗೂಡು ಬಂತು. ನೇಸರಗೆರೆಯವರೆಲ್ಲ ಸುಖವಾಗಿ ಬಾಳಿದರು.

ಮದುವೆಯಂದು ಕಣ್ಣು ಮರಳಿದಾಗ ಸಿದ್ದವ್ವ ಮಾತ್ರ ಯಾವ ಆಕಾಶವನ್ನೂ ನೋಡಲಿಲ್ಲ. ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, "ಅಯ್ಯೋ ನನ್ನ ಕಂದಾ, ಎಷ್ಟು ದೊಡ್ಡವಳಾಗಿಬಿಟ್ಟಿದ್ದೀಯೇ!" ಎಂದು ನೋಡುತ್ತಲೇ ಅತ್ತಳು.